ಅತ್ತೆಗೆಂದು ತಂದ ದನಿ

ಅಂಗಡಿ ಬೀದಿಯ ತಿರುವಿನಲ್ಲಿ ಕನ್ನಡಕ ಮಾರುವಾಕೆಯನ್ನು ಎಲ್ಲರೂ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಊರಿನವರ ಕಣ್ಣಿಗೆಲ್ಲ ಗಾಜು ಹೊಂದಿಸುವ ಆಕೆಗೆ ತನ್ನ ಅತ್ತೆಯ ಕಣ್ಣಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ಮಂಜು ಕವಿಯುತ್ತ ಕವಿಯುತ್ತ ದೃಷ್ಟಿ ಪೂರ್ತಿ ಹೋಯಿತು. ಅತ್ತೆ ಅಳುವ ಪೈಕಿಯವರಲ್ಲ.

"ಕಣ್ಣು ಹೋದ್ರೆ ಹೋಗ್ಲಿ, ಕಿವಿ ಗಟ್ಟಿಯಾಗಿದೆ. ಪೇಪರ್ ಯಾರು ಓದ್ತೀರ ಹೇಳಿ," ಎಂದರು.

ಮಗ, ಸೊಸೆ ಇಬ್ಬರೂ ಓದಿ ಓದಿ ಗಂಟಲು ಕಟ್ಟಿಸಿಕೊಂಡರು. ಕೊನೆಗೆ ಸೊಸೆ ಆ ಕೆಲಸವನ್ನು ಮನೆಯ ಕಂಪ್ಯೂಟರಿಗೆ ವಹಿಸಿದಳು. ಅದರಲ್ಲಿದ್ದುದು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ವ್ಯವಸ್ಥೆ. ಅದಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಒಂದು ಅಧಿಕೃತ ಭಂಡಾರದಿಂದ ಬರುತ್ತವೆ. ಸ್ವಯಂಸೇವಕರು ಒಂದೊಂದನ್ನೂ ಒರೆಗೆ ಹಚ್ಚಿ ಅಲ್ಲಿಡುತ್ತಾರೆ. ಅಲ್ಲಿ ಸಿಕ್ಕ ಓದುವ ದನಿಯನ್ನು ಕೇಳಿ ಅತ್ತೆ ಮುಖ ಸಿಂಡರಿಸಿದರು.

"ಇವಳಿಗೆ ನೆಗಡಿ ಆಗಿದೆ ಕಣೇ. ಹೋಗಿ ಮಲಗೋಕೆ ಹೇಳು."

ಹುಡುಕುತ್ತ ಹೋದಾಗ, ಯಾರೋ ವಿದ್ಯಾರ್ಥಿನಿ ಹಿಂದೆಂದೋ ಮಾಡಿ, ಯಾರು ಬೇಕಾದರೂ ಹಂಚಬಹುದು ಎಂದು ಬರೆದಿಟ್ಟು ಮರೆತಿದ್ದ ಇಂಪಾದ ದನಿಯೊಂದು ಸಿಕ್ಕಿತು. ಇದನ್ನೂ ಸೇರಿಸಿಕೊಳ್ಳಿ ಎಂದು ಕನ್ನಡಕದಕ್ಕ ಭಂಡಾರದವರನ್ನು ಕೇಳಿದಳು. ನೋಡಿಕೊಳ್ಳುವವರಿಲ್ಲದ್ದನ್ನು ನಾವು ಸೇರಿಸುವುದಿಲ್ಲ ಎಂದು ಖಡಾಖಂಡಿತ ಉತ್ತರ ಬಂತು. ಆಕೆಗೂ ಹಟ ಬಂತು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕೂತು, ತಂತ್ರಾಂಶವನ್ನು ಹಂಚಲು ಬರುವಂತೆ ಪ್ಯಾಕೇಜು ಕಟ್ಟುವುದನ್ನು ಕಲಿತಳು. ಅಧಿಕೃತ ಭಂಡಾರದ ಪಕ್ಕಕ್ಕೆ ತನ್ನದೇ ಒಂದು ಪುಟ್ಟ ಭಂಡಾರ ತೆರೆದಳು. ಅದರ ವಿಳಾಸವನ್ನು ತಮ್ಮ ಕಂಪ್ಯೂಟರಿಗೆ ಸೇರಿಸಿಕೊಂಡವರಿಗೆ ಉಳಿದ ಸಾಮಾನಿನ ಜೊತೆ ಈಕೆಯ ದನಿಯೂ ತಾನಾಗಿ ಬರುತ್ತಿತ್ತು. ಕಣ್ಣು ಕಾಣದ ಎಷ್ಟೋ ಜನ ಸೇರಿಸಿಕೊಂಡರು; ಊರಿನ ಗ್ರಂಥಾಲಯದವರೂ ಸೇರಿಸಿಕೊಂಡರು. ಪ್ರತಿ ಹೊಸ ಆವೃತ್ತಿಗೂ ಪರೀಕ್ಷಕರು ಅತ್ತೆಯೇ. ಅವರು "ಹ್ಞೂಂ" ಅನ್ನದೆ ಯಾವುದೂ ಹೊಸ್ತಿಲು ದಾಟುತ್ತಿರಲಿಲ್ಲ.

ಒಮ್ಮೆ ಎಡವಟ್ಟಾಯಿತು. ಅತ್ತೆಗೆ ಗುಂಡಿ ಒತ್ತುವ ತಾಪತ್ರಯ ಬೇಡವೆಂದು, ಕಂಪ್ಯೂಟರು ತೆರೆದ ಕೂಡಲೇ ಮಾತಾಡುವಂತೆ ಕನ್ನಡಕದಕ್ಕ ವ್ಯವಸ್ಥೆಯ ಒಂದು ಭಾಗವನ್ನು ತಿದ್ದಿ ತನ್ನ ಭಂಡಾರಕ್ಕೆ ಹಾಕಿದ್ದಳು. ಅಧಿಕೃತ ಭಂಡಾರದಲ್ಲೂ ಅದೇ ಹೆಸರಿನ ಭಾಗವಿತ್ತು. ಈಕೆ ಹಾಕಿದ ಆವೃತ್ತಿಯ ಸಂಖ್ಯೆ ದೊಡ್ಡದು. ದೊಡ್ಡ ಸಂಖ್ಯೆ ಕಂಡರೆ ಹೊಸದೆಂದು ನಂಬುವ ಕಂಪ್ಯೂಟರುಗಳು ಅಧಿಕೃತವಾದುದನ್ನು ಕಿತ್ತುಹಾಕಿ ಈಕೆಯದನ್ನು ಕೂರಿಸಿಕೊಂಡವು.

ಬೆಳಗ್ಗೆ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಕಣ್ಣು ಪರೀಕ್ಷಿಸುತ್ತಿದ್ದಾಗ ಫೋನು ಬಂತು. ಗ್ರಂಥಪಾಲಕನ ಏದುಸಿರು.

"ಅಕ್ಕಾ, ಬೇಗ ಬನ್ನಿ! ಇಲ್ಲಿ ಎಲ್ಲ ಕಂಪ್ಯೂಟರೂ ಬಾಯಿಬಿಟ್ಟಿವೆ!"

ಪರೀಕ್ಷೆಯ ಚೌಕಟ್ಟಿಗೆ ಒಂದೇ ಗಾಜು ಹಾಕಿದ್ದ ಗಿರಾಕಿಯನ್ನು ಹಾಗೇ ಕೂರಿಸಿ ಆಕೆ ಓಡಿದಳು. ಪಿಸುಮಾತಿಗೂ ಗದರಿಕೆ ಬೀಳುವ ಆ ಕೋಣೆ ಸಂತೆಯಾಗಿತ್ತು. ಒಂದು ಕಂಪ್ಯೂಟರು ಹವಾಮಾನ ವರದಿ ಒಪ್ಪಿಸುತ್ತಿತ್ತು, ಇನ್ನೊಂದು ಮಂಡಿನೋವಿನ ಮದ್ದು ಹೇಳುತ್ತಿತ್ತು. ಮೂಲೆಯಲ್ಲಿ ಒಬ್ಬ ಗುಮಾಸ್ತ ಎರಡೂ ಕೈಯಿಂದ ಸ್ಪೀಕರು ಮುಚ್ಚಲು ಹೆಣಗುತ್ತಿದ್ದ. ಅವನು ಬರೆಯುತ್ತಿದ್ದ ಅರ್ಜಿಯನ್ನು ಕಂಪ್ಯೂಟರು ಇಂಪಾಗಿ, "ಈಗಿನ ಮಾಲೀಕರ ಸಿಡುಕಿನಿಂದ ಬೇಸತ್ತು ತಮ್ಮಲ್ಲಿ ಕೆಲಸ ಕೋರುತ್ತಿದ್ದೇನೆ," ಎಂದು ಓದುತ್ತಿತ್ತು. ಪಕ್ಕದ ಮೇಜಿನಲ್ಲೇ ಪತ್ರಿಕೆ ಹಿಡಿದು ಕೂತಿದ್ದವರು ಆ ಮಾಲೀಕರು.

ಮಾಲೀಕರು ಪತ್ರಿಕೆ ಇಳಿಸಿದರು. "ಅಷ್ಟೊಂದು ಸಿಡುಕ್ತೀನೇನಯ್ಯ?"

ಗುಮಾಸ್ತ ಸ್ಪೀಕರಿನಿಂದ ಕೈ ತೆಗೆದ. "ಸೋಮವಾರ ಸ್ವಲ್ಪ ಜಾಸ್ತಿ ಸಾರ್."

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಮಾಲೀಕರೂ ತಡೆಯಲಾರದೆ ನಕ್ಕರು. ಕನ್ನಡಕದಕ್ಕನಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತನ್ನನ್ನು ನಂಬಿದವರ ಯಂತ್ರದೊಳಗೆ ಕೇಳದೆ ಕೈಹಾಕಿದಂತಾಯಿತಲ್ಲ!

ತಿದ್ದಿದ ಭಾಗವನ್ನು ಅಂದೇ ಹಿಂತೆಗೆದು, ಎಲ್ಲರ ಕ್ಷಮೆ ಕೇಳಿದಳು. ಭಂಡಾರದ ಸ್ವಯಂಸೇವಕನೊಬ್ಬ ಫೋನು ಮಾಡಿದಾಗ ಮಂಗಳಾರತಿ ಖಂಡಿತ ಅಂದುಕೊಂಡಳು.

"ನೀವು ತಿದ್ದಿದ್ದಕ್ಕೆ ನಮ್ಮ ಹೆಸರನ್ನೇ ಇಡಬೇಡಿ ಅಕ್ಕಾ, ಬೇರೆ ಹೆಸರಿಡಿ. ಆಗ ಎರಡೂ ಜಗಳ ಆಡಲ್ಲ," ಎಂದ ಅವನು. "ಇನ್ನೊಂದು ಮಾತು. ಆ ದನೀನ ನೋಡ್ಕೊಳ್ಳೋರಿಲ್ಲ ಅಂತ ತಾನೇ ನಾವು ಬೇಡ ಅಂದಿದ್ದು? ಈಗ ನೀವಿದ್ದೀರಲ್ಲ. ಒಳಗೇ ತನ್ನಿ."

ಹಾಗೆ ದನಿ ಅಧಿಕೃತವಾಯಿತು. ಸುದ್ದಿ ಕೇಳಿ ಅತ್ತೆ ಬೀಗಿದರು. "ನಮ್ಮ ಹುಡುಗಿಗೆ ಪರ್ಮನೆಂಟ್ ಆಯ್ತು ಅನ್ನು!"

ಪುಟ್ಟ ಭಂಡಾರವನ್ನು ಮುಚ್ಚಿಬಿಡೋಣವೇ ಎಂದು ಸೊಸೆ ಕೇಳಿದಳು.

"ಮುಚ್ಚೋದ್ಯಾಕೆ? ಅವರು ಬೇಡ ಅನ್ನೋದು ಇನ್ನೂ ಎಷ್ಟಿರುತ್ತೋ. ಒಂದು ಗಂಡಸಿನ ದನಿ ಹುಡುಕು. ಕಥೆ ಕೇಳೋಕೆ ಚೆನ್ನಾಗಿರುತ್ತೆ."

ಈಗ ಅದರ ಪರೀಕ್ಷೆ ನಡೆದಿದೆ. ಹೊಸಬ ಇನ್ನೂ ಪಾಸಾಗಿಲ್ಲ. ಪೂರ್ಣವಿರಾಮಕ್ಕೆ ನಿಲ್ಲದೆ ಓಡುತ್ತಾನೆ ಎಂಬುದು ಅತ್ತೆಯ ತಕರಾರು.