ಹಗ್ಗಕ್ಕೆ ಒಂದೇ ಬಾಯಿ

ನನ್ನ ಬಲಗೈಯಲ್ಲಿ ಐದು ಬೆರಳೂ ನೆಟ್ಟಗಿವೆ. ಅವುಗಳನ್ನು ನೋಡಿದಾಗಲೆಲ್ಲ ಮಾರಕ್ಕನ ನೆನಪಾಗುತ್ತದೆ. ಅದರ ಹಿಂದೆಯೇ ರುದ್ರಯ್ಯನ ನೆನಪಾಗಿ ಮೈ ಉರಿಯುತ್ತದೆ. ಇಷ್ಟು ವರ್ಷವಾದರೂ ಉರಿ ಆರಿಲ್ಲ. ಆರುವುದು ನನಗೆ ಬೇಕಾಗಿಯೂ ಇಲ್ಲ.

ನಾನು ಪೆದ್ದಣ್ಣ. ಹುಟ್ಟಿದ್ದು ಪಾವಗಡದ ಕಡೆ. ಮಧುಗಿರಿಯಲ್ಲಿ ಷೆಡ್ ಹಾಕಿಕೊಂಡು ಲಾರಿ, ಟ್ರಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದೆ. ಪುರವರದ ದಾರಿಯಲ್ಲಿ ರುದ್ರಯ್ಯನ ಜಲ್ಲಿ ಕ್ರಷರ್ ಇತ್ತು. ಅದರಲ್ಲಿ ಏನು ಕೆಟ್ಟರೂ ನನಗೇ ಹೇಳಿ ಕಳಿಸುತ್ತಿದ್ದರು. ಹಾಗಾಗಿ ಮಾರಕ್ಕನನ್ನು ಬಲ್ಲೆ.

ಮಾರಕ್ಕ ಕೊರಟಗೆರೆ ಕಡೆಯ ಹೆಣ್ಣು. ಗಂಡ ದೊಡ್ಡಹನುಮಯ್ಯ ಬಂಡೆ ಕೆಲಸದವನು. ದಪ್ಪ ಕಲ್ಲಿಗೆ ಹಗ್ಗ ಹಾಕಿ ಇಳಿಸುವಾಗ ಗುಂಪಿನವರಿಗೆ ಕೂಗು ಕೊಡುತ್ತಿದ್ದವನು ಅವನೇ. ಬಂಡೆಯವರಲ್ಲಿ ಒಂದು ಕಟ್ಟಳೆ ಇದೆ. ಹಗ್ಗ ಹಿಡಿದವರು ಕೂಗು ಕೊಡುವವನ ಮಾತಿಗೆ ಮಾತ್ರ ಎಳೆಯಬೇಕು, ಅವನ ಮಾತಿಗೆ ಮಾತ್ರ ಬಿಡಬೇಕು. ಬೇರೆ ಯಾರು ಬಾಯಿ ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳಬಾರದು. ಒಂದು ದಿನ ಬೇರೊಬ್ಬರ ಕಲ್ಲುಕ್ವಾರಿಯಲ್ಲಿ ಚಪ್ಪಡಿ ಇಳಿಸುತ್ತಿದ್ದರು. ಕೆಳಗೆ ಲಾರಿ ಬಂದು ನಿಂತಿತು. ಮೇಲೆ ನಿಂತಿದ್ದ ಮೇಸ್ತ್ರಿಗೆ ಅವಸರ. "ಬುಡ್ರಲೇ, ಬುಡ್ರಲೇ" ಎಂದು ಕಿರುಚಿದ. ಹೊಸದಾಗಿ ಸೇರಿದ್ದ ಇಬ್ಬರು ಬಿಟ್ಟರು. ಉಳಿದವರ ಕೈಯಿಂದ ಹಗ್ಗ ಜಾರಿತು. ಚಪ್ಪಡಿಯ ಕೆಳಗೆ ದೊಡ್ಡಹನುಮಯ್ಯ ಇದ್ದ. ಹೆಣ ತೆಗೆಯುವುದಕ್ಕೆ ಕಲ್ಲೆತ್ತಲು ಮತ್ತೆ ಅದೇ ಹಗ್ಗ ಬೇಕಾಯಿತು. ಮೇಸ್ತ್ರಿ ಮಾರನೆಯ ದಿನವೂ ಕೆಲಸಕ್ಕೆ ಬಂದ, ಅವನ ಕೂದಲೂ ಕೊಂಕಲಿಲ್ಲ.

ಆಗ ಮಾರಕ್ಕನಿಗೆ ಮೂವತ್ತು ಇರಬೇಕು. ಅಳುತ್ತಾ ಕೂರುವ ಜೀವವಲ್ಲ ಅದು. ರುದ್ರಯ್ಯನ ಕ್ರಷರಿಗೆ ಸೇರಿ, ಎರಡು ವರ್ಷದಲ್ಲಿ ತಾನೂ ಸೇರಿ ಹನ್ನೆರಡು ಹೆಂಗಸರ ಗುಂಪು ಕಟ್ಟಿದಳು. ಬಾಂಡ್ಲಿಯಲ್ಲಿ ಜಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಹಲಗೆ ಹತ್ತಿ ಲಾರಿಗೆ ಸುರಿಯುವುದು ಅವರ ಕೆಲಸ. ಕ್ರಷರಿನ ಬಾಯಿಗೆ ಹಿಡಿಸದ ಗುಂಡುಗಳನ್ನು ಹಗ್ಗ ಹಾಕಿ ಎಳೆಯುವುದೂ ಅವರೇ. ಹೊಸದಾಗಿ ಯಾರು ಬಂದರೂ ಮಾರಕ್ಕ ಮೊದಲು ಹೇಳುತ್ತಿದ್ದ ಪಾಠ ಒಂದೇ.

"ಹಗ್ಗಕ್ಕೆ ಒಂದೇ ಬಾಯಿ ಕಣಮ್ಮ. ನಾನು ಹೇಳೋಗಂಟ ಬುಡಬ್ಯಾಡ. ನಿನ್ನ ಗಂಡ ಬಂದು ಕೂಗಿದ್ರೂ ಬುಡಬ್ಯಾಡ, ಮಾರಮ್ಮನೇ ಬಂದು ಕೂಗಿದ್ರೂ ಬುಡಬ್ಯಾಡ."

ಎಂಬತ್ತೊಂದನೇ ಇಸವಿಯಲ್ಲಿ ರುದ್ರಯ್ಯ ಎಲ್ಲೋ ಅಣೆಕಟ್ಟಿನ ಕೆಲಸ ಮುಗಿದ ಕಡೆ ಹರಾಜಿನಲ್ಲಿ ಒಂದು ಸಣ್ಣ ಲೋಡರ್ ಹಿಡಿದು ತಂದ. ಎತ್ತಿನ ಗಾಡಿಗಿಂತ ಸ್ವಲ್ಪ ದೊಡ್ಡದು. ಮುಂದೆ ಬಕೆಟ್ಟು, ಎರಡು ಪಕ್ಕ ಎರಡು ಕಬ್ಬಿಣದ ತೋಳು, ನಡುವೆ ಡ್ರೈವರ್ ಕೂರುವ ಗೂಡು, ಅವನ ಬೆನ್ನಿಗೆ ಎಂಜಿನ್. ಊರಿಗೆ ಊರೇ ನೋಡಲು ಬಂತು. ರುದ್ರಯ್ಯ ಅದಕ್ಕೆ ಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದ. ಅದೇ ಸಂಜೆ ಹೆಂಗಸರನ್ನು ಕರೆದು, "ನಾಳೆಯಿಂದ ಬರಬ್ಯಾಡ್ರಿ" ಎಂದ. ಅಷ್ಟೇ. ಏಳು ವರ್ಷ ಅವನ ಜಲ್ಲಿ ಹೊತ್ತು ನೆತ್ತಿಯ ಕೂದಲು ಉದುರಿಸಿಕೊಂಡವರಿಗೆ ಅವನ ಬಾಯಿಂದ ಬಂದದ್ದು ಎರಡೇ ಮಾತು. ಒಡೆದ ತೆಂಗಿನಕಾಯಿಯ ಒಂದು ಚೂರೂ ಅವರ ಕೈಗೆ ಬರಲಿಲ್ಲ.

ನಾಲ್ಕು ತಿಂಗಳು ಅವರು ಕಡಲೇಕಾಯಿ ಕೀಳುವ ಹೊಲ ಹುಡುಕುತ್ತಾ ಕೊಡಿಗೇನಹಳ್ಳಿಯವರೆಗೂ ಅಲೆದರು. ಕೆಲಸ ಸಿಕ್ಕ ದಿನ ಮುದ್ದೆ, ಸಿಗದ ದಿನ ಅಂಬಲಿ.

ಇತ್ತ ಲೋಡರ್ ಓಡಿಸುವವನಿಗೆ ರೇಡಿಯೇಟರ್ ಎಂಬುದೊಂದು ಇದೆ ಎನ್ನುವುದೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಕಲ್ಲುಪುಡಿ ಗಂಜಿಯಂತೆ ಕಟ್ಟಿಕೊಂಡಿತ್ತು. ಒಂದು ಮಧ್ಯಾಹ್ನ ಬಂಡೆಯ ಸಂದಿಯಲ್ಲಿ ಜಲ್ಲಿ ತುಂಬುತ್ತಿದ್ದಾಗ ಎಂಜಿನ್ ಕಾದು, ಒಂದು ಸಲ ಕಿರ್ರೆಂದು, ಹಿಡಿದುಕೊಂಡು ನಿಂತೇಬಿಟ್ಟಿತು. ನಾನು ಹೋಗಿ ನೋಡಿದೆ. ಪಿಸ್ಟನ್ ಕಚ್ಚಿಕೊಂಡಿದೆ, ಎಂಜಿನ್ ಹೊರಗೆ ತೆಗೆಯದೆ ಬೇರೆ ದಾರಿಯಿಲ್ಲ. ಆ ಮೆಷಿನ್ನಿನ ಜಾತಿಯೇ ಹಾಗೆ, ಎಂಜಿನ್ ಸತ್ತರೆ ಚಕ್ರವೂ ಉರುಳುವುದಿಲ್ಲ, ಎಳೆದು ಬಯಲಿಗೆ ತರಲಾಗುವುದಿಲ್ಲ. ಹಿಂದೆ ಬಂಡೆ, ಪಕ್ಕದಲ್ಲಿ ತೋಳು. ನೆಟ್ಟಗೆ ಮೇಲಕ್ಕೇ ಎತ್ತಬೇಕು. ಮೂರು ಮೂಟೆ ರಾಗಿಯ ತೂಕ. ಮಧುಗಿರಿಯಲ್ಲಿದ್ದ ಒಂದೇ ಒಂದು ಚೈನ್ ಪುಲ್ಲಿ ಸಿರಾಕ್ಕೆ ಹೋಗಿತ್ತು, ವಾರದ ತನಕ ಬರುವುದಿಲ್ಲ. ರುದ್ರಯ್ಯನಿಗೆ ರಸ್ತೆ ಕೆಲಸಕ್ಕೆ ಜಲ್ಲಿ ಕೊಡುವ ಗಡುವು ತಲೆಯ ಮೇಲೆ ಕೂತಿತ್ತು, ಐದು ಲಾರಿ ಸಾಲಾಗಿ ನಿಂತಿದ್ದವು.

"ಮೂರು ಸರ್ವೆ ಮರ ಕಟ್ಟಿ, ಬಾವಿ ರಾಟೆ ಹಾಕಿ ಎತ್ತಬಹುದು. ಆದರೆ ಹಗ್ಗದ ಕೆಲಸ ಬಲ್ಲ ಜನ ಬೇಕು" ಎಂದೆ.

ಹಗ್ಗದ ಕೆಲಸ ಬಲ್ಲ ಜನ ಯಾರು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೆಲಸವಾಗುವ ತನಕ ಕತ್ತೆ ಕಾಲಾದರೂ ಹಿಡಿಯಬೇಕು ಎನ್ನುವ ಜಾತಿಯವನು ಅವನು. ಹೆಂಗಸರಿದ್ದ ಕಾಲೊನಿಗೆ ಆಳು ಓಡಿಸಿದ.

ಕಾಲೊನಿಯಲ್ಲಿ ದೊಡ್ಡ ಜಗಳವೇ ಆಯಿತಂತೆ. ಮಾರಕ್ಕನ ಜೊತೆಯವಳು ಸಣ್ಣಕ್ಕ ಆಮೇಲೆ ನನಗೆ ಹೇಳಿದಳು. "ನಮ್ಮ ಅನ್ನ ತಿಂದ ಮಿಷಿನ್ನು ಅದು, ಅಲ್ಲೇ ಕೊಳೀಲಿ, ನಾವ್ಯಾಕೆ ಅದಕ್ಕೆ ಜೀವ ಕೊಡಾಣ ಅಂತ ನಾನು ಬೋದೆ ಕಣಣ್ಣ" ಎಂದಳು. ಅದಕ್ಕೆ ಮಾರಕ್ಕ, "ನಾವು ಹೋಗ್ದಿದ್ರೆ ಮುಂದಿನ ವಾರ ಚೈನ್ ಬತ್ತದೆ. ಅವನಿಗೆ ನಾವು ಬೇಕಾಗಿರೋದು ಇವತ್ತೊಂದು ದಿನ. ನಡೀರಿ" ಎಂದಳಂತೆ.

ಬಂದರು. ಹನ್ನೆರಡು ಜನ, ಸೆರಗು ಬಿಗಿದು ಕಟ್ಟಿಕೊಂಡು. ಮಾರಕ್ಕ ಮರ ಅಲ್ಲಾಡಿಸಿ ನೋಡಿದಳು, ಹಗ್ಗವನ್ನು ಮಾರು ಮಾರಾಗಿ ಕೈಯಲ್ಲಿ ಸವರಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಪೆದ್ದಣ್ಣ, ಈ ಮಿಷಿನ್ನಲ್ಲಿ ಯಾವುದು ಇಲ್ದಿದ್ರೆ ಜಲ್ಲಿ ಎತ್ತಕ್ಕಾಗಕಿಲ್ಲ?"

"ಬಕೆಟ್ಟನ್ನು ತೋಳಿಗೆ ಸೇರಿಸುವ ಎರಡು ಪಿನ್ನು. ಯಾಕೆ?"

"ಸುಮ್ನೆ ಕೇಳ್ದೆ" ಎಂದು ಹೋದಳು.

ಎಂಜಿನ್ನಿನ ಬೋಲ್ಟುಗಳನ್ನೆಲ್ಲ ಬಿಚ್ಚಿದ್ದೆ. ಹನ್ನೊಂದು ಜನ ಹಗ್ಗ ಹಿಡಿದರು. "ಜೋರ್ಸೇ" ಎಂದಳು ಮಾರಕ್ಕ. "ಐಸಾ!" ಎಂದರು ಎಲ್ಲರೂ. ಎಂಜಿನ್ ಒಂದು ಗೇಣು ಎದ್ದಿತು, ನಿಂತಿತು. ಮತ್ತೆ ಎಳೆದರೆ ಎಂಜಿನ್ ಜೊತೆಗೆ ಮೆಷಿನ್ನಿನ ಹಿಂಭಾಗವೇ ಎದ್ದಿತು. ಎಂಜಿನ್ ಹಿಂದಿನ ಪಂಪಿನ ಜೋಡಣೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು ಮೆಷಿನ್ನಿನ ಮೇಲೆ ಕವುಚಿ ಮಲಗಿ, ಬಲಗೈಯನ್ನು ಎಂಜಿನ್ನಿಗೂ ತಗಡಿಗೂ ನಡುವೆ ಇಳಿಬಿಟ್ಟು, ಹಾರೆಯ ತುದಿಯಿಂದ ಮೀಟತೊಡಗಿದೆ. ಭುಜದ ತನಕ ಕೈ ಒಳಗಿತ್ತು. ಅಷ್ಟರಲ್ಲಿ ಒಂದು ಸರ್ವೆ ಮರ ಒಂದು ಬೆರಳಷ್ಟು ಜರುಗಿ ಕಿರ್ರೆಂದಿತು.

ನೆರಳಲ್ಲಿ ನಿಂತಿದ್ದ ರುದ್ರಯ್ಯ ಹೌಹಾರಿದ. ಅವನ ಕಣ್ಣಿಗೆ ಬಿದ್ದದ್ದು ಮೆಷಿನ್ನು. ನನ್ನ ಕೈ ಅಲ್ಲ.

"ಬುಡ್ರೇ ಕೆಳಕ್ಕೆ! ಹಗ್ಗ ಬುಡ್ರೇ! ಮಿಷಿನ್ ಬಿದ್ದೋಯ್ತದೆ!"

"ಅಯ್ಯೋ ದೇವುಡಾ" ಎಂದು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟು ನೋಡಿದೆ. ಹನ್ನೊಂದು ಜನರೂ ಹಾಗೇ ಹಿಂದಕ್ಕೆ ವಾಲಿ ನಿಂತಿದ್ದಾರೆ, ಮುಂಗೈಯ ನರ ಉಬ್ಬಿವೆ, ಎಲ್ಲರ ಕಣ್ಣೂ ಮಾರಕ್ಕನ ಬಾಯಿಯ ಮೇಲಿವೆ. ರುದ್ರಯ್ಯ ಮತ್ತೆ ಕೂಗಿದ, ಅವ್ವ ಅಕ್ಕ ಎಂದು ಬೈದ. ಒಬ್ಬಳೂ ತಿರುಗಿ ನೋಡಲಿಲ್ಲ. ಮಾರಕ್ಕ ನನ್ನನ್ನೇ ನೋಡುತ್ತಿದ್ದಳು.

"ಪೆದ್ದಣ್ಣ, ಮೀಟು. ಅವಸರ ಮಾಡಬ್ಯಾಡ, ನಾವು ಹಿಡ್ಕಂಡಿದೀವಿ."

ಮೀಟಿದೆ. ಟಕ್ಕೆಂದು ಜೋಡಣೆ ಬಿಟ್ಟಿತು. ಕೈ ಎಳೆದುಕೊಂಡೆ. "ಜೋರ್ಸೇ" ಎಂದಳು. ಎಂಜಿನ್ ತೋಳುಗಳ ನಡುವಿನಿಂದ ಎದ್ದು, ಆಳೆತ್ತರದಲ್ಲಿ ತೂಗಾಡುತ್ತಾ ನಿಂತಿತು. ಇನ್ನು ಪಕ್ಕಕ್ಕೆ ಸರಿಸಿ ಲಾರಿಗೆ ಇಳಿಸುವುದೊಂದೇ ಬಾಕಿ. ಮಾರಕ್ಕ ಹಗ್ಗದ ತುದಿಯನ್ನು ಪಕ್ಕದ ಗುಂಡುಕಲ್ಲಿಗೆ ನಾಲ್ಕು ಸುತ್ತು ಸುತ್ತಿಸಿ ಬಿಗಿದಳು. "ಕೂತ್ಕಳ್ರಿ" ಎಂದಳು. ಹನ್ನೆರಡು ಜನ ಕೂತರು. ಬುತ್ತಿ ಬಿಚ್ಚಿದರು.

ರುದ್ರಯ್ಯನಿಗೆ ಅರ್ಥವಾಗಲಿಲ್ಲ. "ಯಾಕಮ್ಮಿ ನಿಂತ್ರಿ? ಇಳಿಸ್ರೇ!"

ಅಲ್ಲಿಯ ತನಕ ಅವನನ್ನು ಅವಳು "ಬುದ್ಧಿ" ಎಂದೇ ಕರೆಯುತ್ತಿದ್ದಳು. ಅಂಥ ಯಜಮಾನರನ್ನು ಅವಳ ಅತ್ತೆಯೂ ಹಾಗೇ ಕರೆದದ್ದು, ಅತ್ತೆಯ ಅತ್ತೆಯೂ ಹಾಗೇ ಕರೆದದ್ದು. ಅವತ್ತು ಅವಳು ಬೇರೆ ಥರ ಕರೆದಳು.

"ರುದ್ರಯ್ನೋರೇ, ಇಳಿಸ್ತೀವಿ. ದಿನಾ ಬೆಳಿಗ್ಗೆ ಮೊದಲ್ನೇ ಎರಡು ಲಾರಿ ನಮ್ಮವು. ನಾವು ತುಂಬಿದ ಮೇಲೆ ನಿಮ್ಮ ಮಿಷಿನ್ನು. ಇವರೆಲ್ಲರ ಮುಂದೆ ಹೇಳ್ರಿ."

"ಸರಿ ಸರಿ, ದಂಡಿನ ಮಾರಮ್ಮನಾಣೆ, ಹಂಗೇ ಆಗ್ಲಿ. ಇಳಿಸು ಮೊದ್ಲು."

ಅಷ್ಟು ಸಲೀಸಾಗಿ ಆಣೆ ಇಟ್ಟವನನ್ನು ನಾನು ಕಂಡಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಅವನ ಮುಖವೇ ಹೇಳುತ್ತಿತ್ತು.

"ಅಮ್ಮನ್ನ ಯಾಕೆ ನಡುವೆ ತತ್ತೀರಿ? ಆ ಬಕೇಟಿನ ಎರಡು ಪಿನ್ನು ನನ್ನ ಕೈಗೆ ಕೊಡ್ರಿ. ದಿನಾ ನಮ್ಮ ಲಾರಿ ತುಂಬಿದ ಮೇಲೆ ನಾನು ತಂದ್ಕೊಡ್ತೀನಿ, ಸಂಜೆ ಮನೆಗೆ ಹೊತ್ಕೊಂಡು ಹೋಗ್ತೀನಿ."

ರುದ್ರಯ್ಯ ನನ್ನ ಕಡೆ ತಿರುಗಿದ. ಅವನ ಮುಖ ಕೆಂಡವಾಗಿತ್ತು. "ಪೆದ್ದಣ್ಣ, ಲಾರಿ ಡ್ರೈವರುಗಳನ್ನ ಕರ್ಕೊಂಡು ನೀನೇ ಇಳಿಸು."

ನನ್ನ ಬಲಗೈಯನ್ನು ಅವನ ಮೂಗಿನ ಮುಂದೆ ಹಿಡಿದೆ. "ಈ ಕೈ ಒಳಗಿತ್ತು ಸ್ವಾಮಿ, ನೀವು ಬುಡ್ರೇ ಅಂದಾಗ. ಈ ಹೆಂಗಸರು ಹಗ್ಗ ಹಿಡಿಯದೆ ಆ ಎಂಜಿನ್ ಕೆಳಗೆ ನಾನು ನಿಲ್ಲಲ್ಲ. ಡ್ರೈವರುಗಳನ್ನ ಕೇಳಿ, ಯಾರು ನಿಲ್ತಾರೆ ನೋಡೋಣ."

ಡ್ರೈವರುಗಳು ಬೀಡಿ ಹಚ್ಚಿಕೊಂಡು ಆಕಾಶ ನೋಡಿದರು. ಎಂಜಿನ್ ತೂಗುತ್ತಲೇ ಇತ್ತು. ಹೆಂಗಸರು ಮುದ್ದೆ ಮುರಿದು ಮುರಿದು ಉಂಡರು. ಎರಡು ಗಂಟೆ ಹಾಗೇ ಕಳೆಯಿತು. ಕೊನೆಗೆ ನಾನೇ ಸುತ್ತಿಗೆ ತಗೊಂಡು ಎರಡು ಪಿನ್ನು ಬಡಿದು ತೆಗೆದು, ರುದ್ರಯ್ಯ ಹೂಂ ಎಂದು ತಲೆಯಾಡಿಸಿದ ಮೇಲೆ ಮಾರಕ್ಕನ ಮಡಿಲಿಗೆ ಹಾಕಿದೆ. ಒಂದೊಂದೂ ಮುಂಗೈ ಗಾತ್ರ. ಅವಳು ಎದ್ದು ಹಗ್ಗ ಬಿಚ್ಚಿಸಿದಳು. ಎಂಜಿನ್ ಹೂವಿನ ಹಾಗೆ ಲಾರಿಯಲ್ಲಿ ಕೂತಿತು.

ಎಂಜಿನ್ ರಿಪೇರಿಯಾಗಿ ಬಂತು. ಮಾರನೇ ದಿನವೇ ರುದ್ರಯ್ಯ ಏಣಿ ಒದೆಯಲು ನೋಡಿದ. ಪಿನ್ನಿನ ಬದಲು ಕಬ್ಬಿಣದ ಸರಳು ತುರುಕಿಸಿದ. ಎರಡನೇ ಬಕೆಟ್ಟಿಗೇ ಸರಳು ಬಾಗಿ ಬಕೆಟ್ಟು ಕಳಚಿ ಬಿತ್ತು. ನನ್ನನ್ನು ಕರೆಸಿದ. "ಅಂಥವೇ ಎರಡು ಪಿನ್ನು ಮಾಡಿಸ್ಕೊಂಡು ಬಾ" ಎಂದ.

"ಅದು ಫಾರಿನ್ ಉಕ್ಕು ಸ್ವಾಮಿ. ಇಲ್ಲಿ ಸಿಗಲ್ಲ" ಎಂದೆ.

ಸುಳ್ಳು. ತುಮಕೂರಿನ ಯಾವ ಲೇತಿನವನಾದರೂ ಅರ್ಧ ದಿನದಲ್ಲಿ ಕಡೆದು, ಹದ ಹಾಕಿ ಕೊಡುತ್ತಿದ್ದ. ಯಾರನ್ನೂ ನಂಬದ ರುದ್ರಯ್ಯ ಮೆಷಿನ್ನಿನ ವಿಷಯದಲ್ಲಿ ನನ್ನೊಬ್ಬನನ್ನು ನಂಬುತ್ತಿದ್ದ. ಆರು ವರ್ಷ ಆ ಸುಳ್ಳನ್ನು ಹೇಳಿದೆ, ಒಂದು ದಿನವೂ ನಾಲಿಗೆ ತೊದಲಲಿಲ್ಲ. ಆರು ವರ್ಷ ಬೆಳಗಿನ ಎರಡು ಲಾರಿ ಹೆಂಗಸರವೇ ಆದವು. ಮಾರಕ್ಕ ಪಿನ್ನುಗಳಿಗೆ ಹರಳೆಣ್ಣೆ ಸವರಿ, ಹಳೇ ಸೀರೆ ಚೂರಿನಲ್ಲಿ ಸುತ್ತಿ, ಮಗುವಿನ ಹಾಗೆ ಸೊಂಟದಲ್ಲಿಟ್ಟುಕೊಂಡು ಬರುತ್ತಿದ್ದಳು.

ಕೆಲಸ ಉಳಿಯಿತು, ಧೂಳೂ ಉಳಿಯಿತು. ಎಂಬತ್ತೆಂಟರಲ್ಲಿ ಅವಳಿಗೆ ಕೆಮ್ಮು ಹತ್ತಿತು. ಅವಳ ಎದೆಯೊಳಗೆ ರುದ್ರಯ್ಯನ ಕಲ್ಲುಪುಡಿ ಎಷ್ಟಿತ್ತೋ ಯಾರು ಅಳೆದರು? ಮೂರು ತಿಂಗಳು ಕೆಮ್ಮಿ ಕೆಮ್ಮಿ ಹೋದಳು. ನಾನು ಹೋದಾಗ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ಇನ್ನೂ ವಿಭೂತಿ ಹಚ್ಚುತ್ತಿದ್ದರು. ರುದ್ರಯ್ಯನ ಲೆಕ್ಕ ಬರೆಯುವ ರೈಟರು ಸ್ಕೂಟರಿನಲ್ಲಿ ಬಂದ. ಹೂವಿನ ಹಾರ ತಂದಿರಬಹುದು ಎಂದುಕೊಂಡೆ. ಅವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು, "ಆ ಎರಡು ಪಿನ್ನು ಎಲ್ಲಿ ಮಡಗಿದಾಳೆ? ಯಜಮಾನ್ರು ಈಗ್ಲೇ ಇಸ್ಕೊಂಡು ಬಾ ಅಂದವ್ರೆ" ಎಂದ.

ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅವನ ಕೊರಳಪಟ್ಟಿಗೆ ಕೈ ಹಾಕಿದೆ. ಸಣ್ಣಕ್ಕ ಬಂದು ಬಿಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ಬುಡಣ್ಣ ಅವನ್ನ. ಹೋಗಿ ಹೇಳು ನಿಮ್ಮ ಯಜಮಾನ್ರಿಗೆ. ಪಿನ್ನು ನಾಳೆ ಅಲ್ಲಿಗೇ ಬತ್ತವೆ."

ಮಾರನೆಯ ಬೆಳಿಗ್ಗೆ ನಾನು ಕ್ರಷರಿಗೆ ಹೋದೆ. ಕೆಲಸವೇನೂ ಇರಲಿಲ್ಲ, ನೋಡಲೆಂದೇ ಹೋದೆ. ಹನ್ನೊಂದು ಹೆಂಗಸರು ಜಲ್ಲಿ ರಾಶಿಯ ಮುಂದೆ ಬಾಂಡ್ಲಿ ಹಿಡಿದು ನಿಂತಿದ್ದರು. ಸಣ್ಣಕ್ಕನ ಸೊಂಟದಲ್ಲಿ ಆ ಹಳೇ ಸೀರೆಯ ಗಂಟಿತ್ತು. ರುದ್ರಯ್ಯ ಕೈ ಚಾಚಿದ.

"ಮಾರಕ್ಕನ ಜೊತೆ ಆಡಿದ ಮಾತು ಅದು. ಅವಳು ಸತ್ತಳು, ಮಾತು ಮುಗೀತು. ಕೊಡಿಲ್ಲಿ."

ಸಣ್ಣಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಹಲಗೆ ಹತ್ರಮ್ಮ" ಎಂದಳು, ಮಾರಕ್ಕ ಕೂಗುತ್ತಿದ್ದ ದನಿಯಲ್ಲೇ. ಹತ್ತು ಬಾಂಡ್ಲಿ ಒಟ್ಟಿಗೆ ತಲೆಗೇರಿದವು. ಮೊದಲನೇ ಲಾರಿಯ ಹಲಗೆ ಕಿರುಗುಟ್ಟಿತು.

ರುದ್ರಯ್ಯ ಹಲ್ಲು ಕಡಿಯುತ್ತಾ ನನ್ನ ಹತ್ತಿರ ಬಂದ. "ಆರು ವರ್ಷ ಆಯ್ತಲ್ಲೋ ಪೆದ್ದಣ್ಣ. ಎಲ್ಲೂ ಆ ಪಿನ್ನು ಸಿಗಲಿಲ್ವಾ?"

ನಾನು ಬಲಗೈಯಿಂದ ಹಣೆಯ ಬೆವರು ಒರೆಸಿಕೊಂಡೆ.

"ಇಲ್ಲ ಸ್ವಾಮಿ, ಇನ್ನು ಮುಂದೆಯೂ ಸಿಗಲ್ಲ" ಎಂದೆ.