ಕೈಗೆಲಸದಲ್ಲಿ ಮೊದಲಿಗ

ಸೂಜಿಗೆ ದಾರ ಪೋಣಿಸಲು ನನಗೆ ಬರುವುದಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಹೀಗೆಂದರೆ ಯಾರೂ ನಗುವುದಿಲ್ಲ, ಕಣ್ಣು ಮಂಜಾಗಿರಬೇಕು ಪಾಪ ಎನ್ನುತ್ತಾರೆ. ಆದರೆ ನಿಮ್ಮೆದುರು ಸುಳ್ಳೇಕೆ? ಕಣ್ಣು ಚೊಕ್ಕಟವಾಗಿದ್ದ ಇಪ್ಪತ್ತನೆಯ ವಯಸ್ಸಿನಲ್ಲೂ ನನಗದು ಬರುತ್ತಿರಲಿಲ್ಲ. ತಮಾಷೆಯೆಂದರೆ ನನ್ನ ಶಿಕ್ಷಕ ತರಬೇತಿಯ ಅಂಕಪಟ್ಟಿಯಲ್ಲಿ ಗಣಿತ, ಕನ್ನಡ, ಮನಶ್ಶಾಸ್ತ್ರ ಎಲ್ಲವನ್ನೂ ಹಿಂದೆ ಹಾಕಿ ಮೇಲೆ ನಿಂತ ಅಂಕ 'ಕೈಗೆಲಸ'ದ್ದು. ಐವತ್ತಕ್ಕೆ ನಲವತ್ತೆಂಟು. ಆ ವರ್ಷ ಇಡೀ ತರಗತಿಗೇ ನಾನು ಮೊದಲಿಗ. ಆ ಹಾಳೆ ತೋರಿಸಿ ನೌಕರಿ ಹಿಡಿದೆ, ಸಿಂಧನೂರು ತಾಲೂಕಿನ ಹತ್ತಾರು ಹಳ್ಳಿಗಳ ನೀರು ಕುಡಿದೆ, ಈಗ ಸಿಂಧನೂರಿನಲ್ಲೇ ಮನೆ ಮಾಡಿಕೊಂಡು ಪಿಂಚಣಿ ತಿನ್ನುತ್ತಿದ್ದೇನೆ.

ನೌಕರಿಯುದ್ದಕ್ಕೂ ಶನಿವಾರದ ಕೈಗೆಲಸದ ತಾಸು ನನ್ನ ಕೊರಳಿಗೇ ಬೀಳುತ್ತಿತ್ತು. ಮೊದಲಿಗನಲ್ಲವೇ! ನಾನು ಕಂಡುಕೊಂಡ ಬೋಧನಾ ವಿಧಾನ ಸರಳವಾಗಿತ್ತು. "ಬರೋ ಶನಿವಾರ ಮನಿಯಿಂದ ಏನಾರ ಮಾಡ್ಕೊಂಡು ಬರ್ರಿ" ಎನ್ನುತ್ತಿದ್ದೆ. ಮಕ್ಕಳು ಉಲ್ಲನ್ ಹೂವು, ಮಣಿಯ ಗಿಳಿ, ಬಟ್ಟೆಯ ಬೊಂಬೆ ಹಿಡಿದು ಬರುತ್ತಿದ್ದರು. ಒಂದೊಂದರ ಹಿಂದೆಯೂ ಯಾವುದೋ ತಾಯಿಯ, ಯಾವುದೋ ಅಕ್ಕನ ಕೈ ಇರುತ್ತಿತ್ತು. ನನಗದು ಎದ್ದು ಕಾಣುತ್ತಿತ್ತು. ಆದರೂ ಒಂದು ದಿನವೂ "ಇದನ್ನ ಯಾರು ಮಾಡಿದ್ರು?" ಎಂದು ಕೇಳಲಿಲ್ಲ. ಆ ಪ್ರಶ್ನೆ ಕೇಳುವ ಬಾಯಿ ನನಗಿರಲಿಲ್ಲ.

ಈ ಬೇಸಿಗೆಯಲ್ಲಿ ಒಂದು ಡಬ್ಬಿ ಮನೆಗೆ ಬರದಿದ್ದರೆ ಇದೆಲ್ಲ ಹಾಗೆಯೇ ಮುಚ್ಚಿಹೋಗುತ್ತಿತ್ತು. ಲಿಂಗಸುಗೂರಿನಲ್ಲಿರುವ ಮಗಳು ರಜೆಗೆಂದು ಮೊಮ್ಮಗಳನ್ನು ಬಿಟ್ಟುಹೋಗುವಾಗ ಅದನ್ನೂ ಬಿಟ್ಟುಹೋದಳು. ಮನೆಯಲ್ಲೇ ನೇಯ್ಗೆ, ಹೆಣಿಗೆ, ಮಣಿಗೆಲಸ ಕಲಿಸುವ ಡಬ್ಬಿಯಂತೆ. ಒಳಗೆ ರಟ್ಟಿನ ಪುಟ್ಟ ಮಗ್ಗ, ನಾಲ್ಕು ಬಣ್ಣದ ಉಲ್ಲನ್ ಉಂಡೆ, ಪ್ಲಾಸ್ಟಿಕ್ ಸೂಜಿ, ಒಂದು ಚೀಲ ಮಣಿ. ಮುಚ್ಚಳದ ಮೇಲೆ 'ಆರು ವರ್ಷ ಮೇಲ್ಪಟ್ಟವರಿಗೆ' ಎಂದಿತ್ತು. ಮೊಮ್ಮಗಳು ಒಂದು ಮಧ್ಯಾಹ್ನ ಅದರೊಂದಿಗೆ ಗುದ್ದಾಡಿ ಮೊಬೈಲಿಗೆ ಮರಳಿದಳು. ವಯಸ್ಸಿನ ಅರ್ಹತೆಯಾದರೂ ನನಗಿದೆಯಲ್ಲ ಎಂದುಕೊಂಡು ನಾನು ಕೂತೆ.

ರಟ್ಟಿನ ಹಲ್ಲುಗಳಿಗೆ ಉದ್ದಕ್ಕೆ ಎಳೆದು ಕಟ್ಟುವ ದಾರ ಹಾಸು, ಅದರೊಳಗೆ ಅಡ್ಡಡ್ಡ ನುಸುಳುವುದು ಹೊಕ್ಕು. ಈ ವಯಸ್ಸಿಗೆ ಇದು ತಿಳಿಯಿತು. ಮೂವತ್ತೈದು ವರ್ಷ ಪ್ರತಿ ಗಣರಾಜ್ಯೋತ್ಸವದ ಭಾಷಣದಲ್ಲಿ "ಏಕತೆಯು ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ" ಎಂದು ಎದೆ ಉಬ್ಬಿಸಿ ಹೇಳಿದವನು ನಾನು. ಆಗ ಯಾವನಾದರೂ ಹುಡುಗ ಎದ್ದು, ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳಿದ್ದರೆ ಧ್ವಜದ ಕಂಬ ಹಿಡಿದು ನಿಲ್ಲಬೇಕಿತ್ತು. ಲೋಟದ ಕೆಳಗಿಡುವ ಚೌಕ ಬಟ್ಟೆ ನೇಯಲು ಹೊರಟೆ. ಸಾಲಿಗೆ ಸಾಲು ನಾನು ದಾರ ಬಿಗಿದೆಳೆದಂತೆ ಅದು ನಡುವೆ ಸೊರಗುತ್ತ ಹೋಯಿತು. ಹೆಂಡತಿ ಶಾಂತಾ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನೋಡಿದಳು.

"ಛಂದ ಆಗೇತ್ರೀ. ಬುಡಬುಡಿಕ್ಯಾಂವ ಬಂದ್ರ ಕೊಟ್ಟು ಕಳಿಸೋಣು, ಡಮರು ಅಂತ ಬಾರಿಸ್ಯಾನು" ಎಂದಳು.

ನಾನೂ ನಕ್ಕೆ. ಆದರೆ ಡಬ್ಬಿಯಲ್ಲಿನ ಮಣಿಯ ಚೀಲ ಬಿಚ್ಚಿದಾಗ ನಗು ನಿಂತಿತು.

ನಾನು ಹುಟ್ಟಿದ್ದು ಮಸ್ಕಿಯಲ್ಲಿ. ಅಲ್ಲಿಯ ಗುಡ್ಡದ ಬುಡದಲ್ಲಿ ಜೋರು ಮಳೆ ಬಿದ್ದ ಮರುದಿನ ಹುಡುಕಿದರೆ ಹಳೆಯ ಕಲ್ಲುಮಣಿ ಸಿಗುತ್ತಿದ್ದವು. ಸಾವಿರಾರು ವರ್ಷ ಹಿಂದಿನವು ಎಂದು ಬಲ್ಲವರು ಹೇಳುತ್ತಾರೆ. ಕರೆಂಟಿಲ್ಲ, ಯಂತ್ರವಿಲ್ಲ, ಯಾರೋ ಪುಣ್ಯಾತ್ಮ ಕೂತು ಕಲ್ಲನ್ನು ಉಜ್ಜಿ, ಕೂದಲೆಳೆಯಷ್ಟು ತೂತು ಕೊರೆದಿದ್ದಾನೆ. ಆ ನೆಲದಲ್ಲಿ ಹುಟ್ಟಿದ ನಾನು ಕಾರ್ಖಾನೆಯವರು ಅಗಲವಾಗಿ ಕೊರೆದುಕೊಟ್ಟ ಪ್ಲಾಸ್ಟಿಕ್ ಮಣಿಯಲ್ಲೂ ದಾರ ತೂರಿಸಲಾರೆ. ನಮ್ಮ ಮನೆಗೆ ಬಂದ ಕೈಚಳಕವೆಲ್ಲ ಅಕ್ಕನ ಪಾಲಿಗೆ ಹೋಗಿತ್ತು. ಅಕ್ಕ ಎಂದರೆ ಗೌರಮ್ಮ, ನನಗಿಂತ ಎರಡು ವರ್ಷ ದೊಡ್ಡವಳು. ಗುಡ್ಡದ ಬುಡದಲ್ಲಿ ನಾನು ಕಲ್ಲು ಕೆದರುತ್ತ ಕೂತರೆ ಅವಳು ನಿಂತಲ್ಲಿಂದಲೇ ಮಣಿ ಕಂಡು ಹಿಡಿಯುತ್ತಿದ್ದಳು. ಹಾಗೆ ಸಿಕ್ಕಿದ್ದೊಂದು ಕೆಂಪು ಮಣಿ. ಬಿಸಿಲಿಗೆ ಹಿಡಿದರೆ ಒಳಗೆ ಕೆಂಡ ಇದ್ದಂತೆ ಕಾಣುತ್ತಿತ್ತು. ಅದನ್ನು ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಆಗ ನಮ್ಮ ಮನೆತನದಲ್ಲಿ ಮದುವೆಯಾಗಿ ಹೋಗುವ ಹುಡುಗಿ ತಾನೇ ಮಾಡಿದ ಮಣಿಯ ತೋರಣವನ್ನು ಒಯ್ಯಬೇಕಿತ್ತು. ಅದನ್ನು ಗಂಡನ ಮನೆಯ ತಲೆಬಾಗಿಲಿಗೆ ಕಟ್ಟುತ್ತಿದ್ದರು. ಓಣಿಯ ಹೆಂಗಸರು ಸೊಸೆಯ ಮುಖ ನೋಡುವುದಕ್ಕಿಂತ ಮೊದಲು ತೋರಣ ನೋಡುತ್ತಿದ್ದರು. ನಮ್ಮ ಮನೆಯ ಹೆಂಗಸರದು ಇನ್ನೂ ಒಂದು ರೂಢಿ ಇತ್ತು. ತೋರಣ ಎಷ್ಟೇ ಚೆಂದವಾಗಿರಲಿ, ಒಂದು ಕಡೆ ಬೇಕೆಂದೇ ಒಂದು ತಪ್ಪು ಮಣಿ ಸೇರಿಸುತ್ತಿದ್ದರು, ಬಿಳಿಯ ಸಾಲಿನಲ್ಲಿ ಕರಿಯದು, ಹಸಿರಿನಲ್ಲಿ ಹಳದಿಯದು. ನೋಡುವವರ ಕಣ್ಣು ಅದಕ್ಕೆ ತಾಗಿ ಅಲ್ಲೇ ನಿಲ್ಲಲಿ, ಮನೆಗೆ ದೃಷ್ಟಿಯಾಗದಿರಲಿ ಎಂದು. ಗೊರೇಬಾಳದ ಸಂಬಂಧ ಗಟ್ಟಿಯಾದ ಮೇಲೆ ಅಕ್ಕ ನಾಲ್ಕು ತಿಂಗಳು ಕೂತು ಎರಡು ಗಿಳಿ, ನಡುವೆ ಕಳಸ, ಕೆಳಗೆ ಮಾವಿನೆಲೆಗಳ ಸಾಲಿನ ತೋರಣ ಮಾಡಿದಳು. ಬಿಳಿ ಕಳಸದ ನಟ್ಟನಡುವೆ ತಪ್ಪಿನ ಮಣಿಯೆಂದು ತನ್ನ ಆ ಕೆಂಪು ಮಣಿಯನ್ನು ಕೂರಿಸಿದಳು.

ಅದೇ ಹೊತ್ತಿಗೆ ನನ್ನ ತರಬೇತಿಯ ಕೊನೆಯ ಪರೀಕ್ಷೆ ಬಂತು. ಕೈಗೆಲಸಕ್ಕೆ ಸ್ವಂತ ಕೈಯಿಂದ ಮಾಡಿದ ವಸ್ತುವೊಂದನ್ನು ಒಪ್ಪಿಸಬೇಕಿತ್ತು. ನನ್ನದು ಏನೂ ಇರಲಿಲ್ಲ. "ನನ್ನ ಗೆಳೆಯರಿಗೆ ತೋರಿಸಿ ತರ್ತೀನಿ" ಎಂದು ತೋರಣ ಕೇಳಿದೆ. ಮದುವೆಗೆ ತಿಂಗಳೊಪ್ಪತ್ತಿತ್ತು. ತಮ್ಮ ತನ್ನ ಕೆಲಸ ಮೆಚ್ಚಿದನೆಂದು ಅಕ್ಕ ಹಿಗ್ಗಿ ಹಳೆ ಸೀರೆಯಲ್ಲಿ ಸುತ್ತಿ ಕೊಟ್ಟಳು. ಹಾಸ್ಟೆಲಿನಲ್ಲಿ ಬಿಚ್ಚಿ ನೋಡಿದೆ. ಬಿಳಿಯ ನಡುವೆ ಕೆಂಪು! ಪರೀಕ್ಷಕರು ತಪ್ಪೆಂದು ಅಂಕ ಕತ್ತರಿಸಿದರೆ? ದಾರ ಹರಿದು ಕೆಂಪು ಮಣಿ ಕಿತ್ತೆ, ಒಂದು ಬಿಳಿ ಮಣಿ ತುರುಕಿ ಹಿಂದೆ ದಪ್ಪನೆಯ ಗಂಟು ಹಾಕಿದೆ. ನನ್ನ ಜೀವಮಾನದ ಏಕೈಕ ಕೈಗೆಲಸ ಆ ಗಂಟು.

ಉಳಿದದ್ದು ಬೇಗ ಮುಗಿಯಿತು. ಪ್ರದರ್ಶನಕ್ಕಿಟ್ಟರು, ಎಲ್ಲರೂ ಹೊಗಳಿದರು. ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ಅದರ ಮುಂದೆಯೇ ಬಹಳ ಹೊತ್ತು ನಿಂತರು. ನೆನಪಿಗೆಂದು ಅವರಿಗೆ ಅದನ್ನೇ ಕೊಡೋಣ ಎಂದು ತರಬೇತಿ ಸಂಸ್ಥೆಯ ಹಿರಿಯರು ನನ್ನ ಕಡೆ ನೋಡಿದರು. ಕೊಡಲಾರೆ, ಇದು ನನ್ನ ಅಕ್ಕನದು ಎನ್ನಲು ನಾಲಿಗೆಯ ತುದಿಗೆ ನಾಲ್ಕು ಶಬ್ದ ಬೇಕಿದ್ದವು. ನಾನು ಹಲ್ಲು ಕಿರಿದು ತಲೆಯಾಡಿಸಿದೆ. ಮನೆಗೆ ಹೋಗಿ ಬ್ಯಾಗು ಬಸ್ಸಿನಲ್ಲಿ ಕಳೆಯಿತು ಎಂದೆ.

ಅಕ್ಕ ಅಂಗಡಿಯ ಪ್ಲಾಸ್ಟಿಕ್ ತೋರಣ ಹಿಡಿದು ಗೊರೇಬಾಳಕ್ಕೆ ಹೋದಳು. ಅವಳ ಅತ್ತೆ ಬದುಕಿದ್ದ ತನಕ ಮನೆಗೆ ಬಂದವರಿಗೆಲ್ಲ ನೀರು ಕೊಡುವುದಕ್ಕಿಂತ ಮೊದಲು ಒಂದು ಮಾತು ಕೊಡುತ್ತಿದ್ದಳು: "ನಮ್ಮ ಸೊಸಿಗೆ ಕೈಗೆಲಸ ಬರಂಗಿಲ್ರೀ." ನಾನು ಹೋದಾಗಲೂ ಹೇಳಿದ್ದುಂಟು. ಅಕ್ಕ ಒಳಗಿನಿಂದ ಚಹಾ ತಂದು ನನ್ನ ಮುಂದಿಟ್ಟು ಸುಮ್ಮನೆ ಹೋಗುತ್ತಿದ್ದಳು. ತಮ್ಮ ಕಳೆದನೆಂದು ಹೇಳಿದರೆ, ಹೊಸದಾಗಿ ನೌಕರಿಗೆ ಸೇರಿದ ಹುಡುಗ ಬೇಜವಾಬ್ದಾರಿ ಎಂದಾರು ಎಂಬುದು ಅವಳ ಚಿಂತೆಯಂತೆ. ಅವ್ವ ನನಗೆ ಆಮೇಲೆ ಹೇಳಿದಳು. ಮದುವೆಯಾದ ಮೇಲೆ ಅಕ್ಕ ಮಣಿ ಮುಟ್ಟಲೇ ಇಲ್ಲ. ಕೆಂಪು ಮಣಿ ಮಾತ್ರ ನನ್ನ ಕಂಪಾಸು ಪೆಟ್ಟಿಗೆಯಲ್ಲಿ ಉಳಿಯಿತು. ವರ್ಗವಾದಾಗಲೆಲ್ಲ ನನ್ನ ಜೊತೆ ಊರೂರು ಅಲೆಯಿತು. ಎಸೆಯಲು ಕೈ ಬರಲಿಲ್ಲ, ಕೊಡಲು ಮುಖವಿರಲಿಲ್ಲ.

ಶಾಂತಾ ಅದನ್ನು ಯಾರೋ ಸ್ವಾಮಿಗಳು ಕೊಟ್ಟ ಹರಳು ಎಂದೇ ಇಂದಿಗೂ ತಿಳಿದಿದ್ದಾಳೆ.

ಈ ವರ್ಷ ಅಕ್ಕನ ಮಗ ಗೊರೇಬಾಳದಲ್ಲಿ ಹೊಸ ಮನೆ ಕಟ್ಟಿಸಿದ. ಶ್ರಾವಣದಲ್ಲಿ ಗೃಹಪ್ರವೇಶ. ಹೊಸ ತಲೆಬಾಗಿಲಿಗೆ ನಾನೇ ಒಂದು ತೋರಣ ಮಾಡಿ ಕೊಟ್ಟರೆ? ಡಬ್ಬಿಯ ಮಣಿ ನೋಡುತ್ತ ಈ ಹುಚ್ಚು ಹಿಡಿಯಿತು. ನಿಜ ಹೇಳಬೇಕೆಂಬ ಧೈರ್ಯ ಬಂದಿತ್ತು ಎಂದುಕೊಳ್ಳಬೇಡಿ. ಹೇಳದೆಯೇ ಋಣ ಹರಿದುಕೊಳ್ಳುವ ಉಪಾಯ ಅದು. ಬಜಾರಿನ ಕಾಸಿಂಸಾಬರ ಅಂಗಡಿಗೆ ಹೋಗಿ ಗಾಜಿನ ಮಣಿ, ನೈಲಾನ್ ದಾರ, ಸಣ್ಣ ಸೂಜಿ ಕೇಳಿದೆ. ಅವರ ಮಗಳು ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವಳು.

"ಆಪಾ ಬರಲಿಲ್ಲೇನ್ರೀ? ನಮೂನಿ ಅವ್ರ ನೋಡಿ ಒಯ್ಯೋದು ಚಲೋ" ಎಂದರು ಕಾಸಿಂಸಾಬರು. ಶಾಂತಾಳನ್ನು ಅವರು ಆಪಾ ಎಂದೇ ಕರೆಯುವುದು.

"ನಾನೇ ಮಾಡಾಕತ್ತೀನಿ."

"ಅರೇ, ಮರತೇ ಬಿಟ್ಟಿದ್ದೆ. ನಮ್ ಮಗಳಿಗೆ ಕೈಗೆಲಸ ಕಲ್ಸಿದವ್ರೇ ನೀವು!" ಎಂದು ಅವರು ನಂಬಿಕೆಯಿಂದ ನಕ್ಕರು. ಅವರ ಮಗಳು ಪ್ರತಿ ಶನಿವಾರ ತರುತ್ತಿದ್ದದ್ದು ಅವಳ ತಾಯಿಯ ಕೆಲಸ. ಅದು ಅವರಿಗೂ ಗೊತ್ತಿರಲಿಲ್ಲವೋ ಏನೋ.

ಎರಡು ತಿಂಗಳು ಒದ್ದಾಡಿದೆ. ಕೈಯಿಂದ ಜಾರಿದ ಮಣಿಗಳು ಮಂಚದಡಿ, ಹಾಸಿಗೆಯಲ್ಲಿ, ಒಮ್ಮೆ ಸಾರಿನಲ್ಲೂ ಸಿಕ್ಕವು. ಮೊಬೈಲಿನಲ್ಲಿ ಯಾವಳೋ ಹುಡುಗಿ ಎರಡು ನಿಮಿಷದಲ್ಲಿ ಮಾಡಿ ತೋರಿಸಿದ್ದಕ್ಕೆ ನನಗೆ ಎಂಟು ದಿನ ಬೇಕಾಯಿತು. ಮೊದಲ ಗಿಳಿ ಮುಗಿದ ದಿನ ಮೊಮ್ಮಗಳು ನೋಡಿ, "ಅಜ್ಜಾ, ಕೋಳಿ ಚಲೋ ಬಂದೈತಿ" ಎಂದಳು. ಎರಡನೆಯದು ಕೋಳಿಯೂ ಆಗಲಿಲ್ಲ. ಬಾಗಿಲ ಅಳತೆ ಕೇಳಲು ಮರೆತಿದ್ದೆ, ಅಂದಾಜಿನಲ್ಲಿ ಇಳಿಬಿಟ್ಟ ಎಲೆಗಳ ಸಾಲು ಒಂದು ಗೇಣು ಹೆಚ್ಚು ಉದ್ದವಾಯಿತು. ಕಡೆಗೆ ಕಳಸದ ನಡುವೆ, ಅಕ್ಕನ ತೋರಣದಲ್ಲಿ ಇದ್ದ ಜಾಗದಲ್ಲೇ, ಕೆಂಪು ಮಣಿಯನ್ನು ಕೂರಿಸಿದೆ. ನಲವತ್ತು ವರ್ಷದ ಭಾರ ಇಳಿಯಿತು ಎಂದು ಕಣ್ಣಲ್ಲಿ ನೀರೂ ಬಂತು. ಆ ಮಣಿಯೇ ನನ್ನನ್ನು ಹಿಡಿದುಕೊಡುತ್ತದೆ ಎಂಬ ಸಣ್ಣ ಸಂಗತಿ ಮಕ್ಕಳಿಗೆ ತರ್ಕ ಕಲಿಸಿದ ಈ ತಲೆಗೆ ಹೊಳೆಯಲೇ ಇಲ್ಲ.

ಗೃಹಪ್ರವೇಶದ ಹಿಂದಿನ ದಿನ ಹೋದೆ. ಅಕ್ಕ ಹೊಸ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ತೋರಣವನ್ನು ತೊಡೆಯ ಮೇಲೆ ಹರಡಿಕೊಂಡು ಕೋಳಿ ಗಿಳಿಗಳ ಮೇಲೆ ಬೆರಳಾಡಿಸಿ ನಕ್ಕಳು. ಬೆರಳು ಕಳಸಕ್ಕೆ ಬಂದು ನಿಂತಿತು. ಎತ್ತಿ ಬೆಳಕಿಗೆ ಹಿಡಿದಳು.

"ಇದು ನನ್ನ ಮಣಿ" ಎಂದಳು.

ನಾನು ಅವಳ ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದೆ.

"ತೋರಣ ಬಸ್ಸಿನ್ಯಾಗ ಹೋತು ಅಂದಿದ್ದಿ. ತೋರಣ ಹೋದ ಮ್ಯಾಲ ಇದೊಂದು ಹ್ಯಾಂಗ ಉಳೀತು?"

ಹೇಳಿದೆ. ಹಾಸ್ಟೆಲು, ಪ್ರದರ್ಶನ, ಅಧಿಕಾರಿ, ಎಲ್ಲ. ಹೇಳುವಾಗ ನನ್ನ ದನಿ ಮಸ್ಕಿಯ ಶಾಲೆಯಲ್ಲಿ ಮಗ್ಗಿ ತಪ್ಪಿದ ಹುಡುಗನದಾಗಿತ್ತು. ಅಕ್ಕ ಬಯ್ಯುತ್ತಾಳೆ, ಅಳುತ್ತಾಳೆ ಎಂದು ಕಾದೆ.

"ಎಷ್ಟು ಕೊಟ್ರು?" ಎಂದಳು.

"ಏನು?"

"ಮಾರ್ಕ್ಸ್ ಲೇ."

"ಐವತ್ತಕ್ಕ ನಲವತ್ತೆಂಟು. ಎಲ್ಲಾರಿಗಿಂತ ಹೆಚ್ಚು."

"ಆ ಸಾಹೇಬ ಏನಂದ?"

"ಇಂಥಾ ಕೆಲಸ ಎಲ್ಲೂ ನೋಡಿಲ್ಲ ಅಂದ್ರು."

ಅವಳ ಕೆಲಸಕ್ಕೆ ಬಂದ ಹೊಗಳಿಕೆ ನಲವತ್ತು ವರ್ಷ ತಡವಾಗಿ, ಕದ್ದವನ ಬಾಯಿಂದಲೇ ಅವಳಿಗೆ ತಲುಪಿತ್ತು. ಅವಳ ಅತ್ತೆ ಕೇಳಿಸಿಕೊಳ್ಳಲು ಉಳಿದಿರಲಿಲ್ಲ.

"ಎರಡು ಯಾಕ ಕಡಿಮಿ ಮಾಡಿದ್ರು?" ಎಂದು ಕೇಳಿದಳು.

"ಹಿಂದ ಒಂದು ಗಂಟು ಕಾಣ್ತಿತ್ತಂತ."

"ಆ ಗಂಟು ನಂದಲ್ಲ" ಎಂದಳು ಅಕ್ಕ.

ಆಮೇಲೆ ಹಲ್ಲಿನಿಂದ ದಾರ ಕಡಿದು ಕೆಂಪು ಮಣಿ ಬಿಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಸಡಿಲಾದ ಎಳೆಗೆ ಒಂದು ಗಂಟು ಹಾಕಿದಳು. ಎಷ್ಟು ಹುಡುಕಿದರೂ ಆ ಗಂಟು ನನಗೆ ಕಾಣಲಿಲ್ಲ. ಮಗನನ್ನು ಕರೆದು ತೋರಣ ಕೊಟ್ಟು, "ತಲಿಬಾಗಿಲಿಗೆ ಮೊಳಿ ಹೊಡದು ಕಟ್ಟು" ಎಂದಳು. ಬ್ಯಾಡಬೇ ಅಕ್ಕಾ, ಒಳಗ ಎಲ್ಯಾರ ಕಟ್ಟು ಎಂದು ನಾನು ಅಂಗಲಾಚಿದೆ. ಅವಳು ಅಕ್ಕಿಯ ಮೊರ ಎತ್ತಿಕೊಂಡಳು.

ಮರುದಿನ ಊರಿಗೆ ಊರೇ ಬಂತು. ಬಂದವರೆಲ್ಲ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಅಕ್ಕ ಅವರಿಗೆ ನೀರು ಕೊಡುವುದಕ್ಕಿಂತ ಮೊದಲು ಹೇಳುತ್ತಿದ್ದಳು: "ನಮ್ಮ ತಮ್ಮ ಮಾಡ್ಯಾನ್ರೀ. ಅಗಾ, ಅಲ್ಲಿ ಕುಂತಾನಲ್ಲ, ಮಾಸ್ತರ. ಕೈಗೆಲಸದಾಗ ಫಸ್ಟ್ ಬಂದಾನ." ಜನ ತೋರಣ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ. ಕೇಳಿಲ್ಲ, ಕೇಳಿದರೆ ಹೇಳುವವಳೂ ಅಲ್ಲ. ಹೋದಾಗಲೆಲ್ಲ ಮೊದಲಿನಂತೆಯೇ ಚಹಾ ತಂದು ಮುಂದಿಡುತ್ತಾಳೆ. ತೋರಣ ಇನ್ನೂ ಅಲ್ಲೇ ಇದೆ. ಒಂದು ಗೇಣು ಹೆಚ್ಚು ಇಳಿಬಿದ್ದ ಆ ಎಲೆಗಳ ಸಾಲು ಮುಖಕ್ಕೆ ಬಡಿಯುವುದರಿಂದ ಪ್ರತಿಸಲವೂ ನಾನು ತಲೆ ತಗ್ಗಿಸಿಯೇ ಹೊಸ್ತಿಲು ದಾಟಬೇಕು. ಅಕ್ಕ ಗಿಡ್ಡಿ. ಅವಳು ನೆಟ್ಟಗೆ ನಡೆದು ಹೋಗುತ್ತಾಳೆ.