ಗವಿಸಿದ್ದಪ್ಪನ ಕಾರಿನ ಡಿಕ್ಕಿ

ಕಂಪ್ಲಿಯಲ್ಲಿ ಬರೀ ಗವಿಸಿದ್ದಪ್ಪ ಎಂದರೆ ಯಾವ ಗವಿಸಿದ್ದಪ್ಪ ಎಂದು ಕೇಳುತ್ತಾರೆ. ಅಂಬಾಸಿಡರ್ ಗವಿಸಿದ್ದಪ್ಪ ಎಂದರೆ ಸೀದಾ ಮನೆ ತೋರಿಸುತ್ತಾರೆ. ಆತ ನನ್ನ ತಂಗಿ ಭರಮಮ್ಮನ ಗಂಡ.

ಮೀಸೆ ಚಿಗುರುವ ವಯಸ್ಸಿಗೇ ಅಕ್ಕಿ ಗಿರಣಿ ಸಾಹುಕಾರರ ಮನೆಯಲ್ಲಿ ಡ್ರೈವರನಾಗಿ ಸೇರಿದ್ದ. ಸಾಹುಕಾರರು ಹೊಸ ಕಾರು ತಂದಾಗ ಹಳೆಯ ಬಿಳಿ ಅಂಬಾಸಿಡರನ್ನು ಇವನಿಗೇ ಬಿಟ್ಟುಕೊಟ್ಟರು. ಅದನ್ನು ಕಟ್ಟಿಕೊಂಡು ಕೆಲವು ವರ್ಷ ಸಂಡೂರಿನ ಗಣಿ ಆಫೀಸಿನವರನ್ನು ಗುಡ್ಡಕ್ಕೆ ಹತ್ತಿಸಿ ಇಳಿಸಿದ. ಆಮೇಲೆ ಹೊಸಪೇಟೆ ಸ್ಟೇಷನ್ನಿನ ಮುಂದೆ ನಿಂತು ಹಂಪಿಗೆ ಬರುವವರನ್ನು ಕರೆದೊಯ್ದ. ದೂರದ ದೇಶದ ಮಂದಿ ಗುಡಿಗೆ ಬೆನ್ನು ಮಾಡಿ ಈ ಕಾರಿನ ಫೋಟೋ ತೆಗೆಯುತ್ತಿದ್ದರು ಎಂದು ಹೇಳಿಕೊಳ್ಳುವಾಗ ಅವನ ಮುಖ ನೋಡಬೇಕಿತ್ತು.

ಆ ಕಾರಿನ ಮೈಮೇಲೆ ಯಾರೂ ಸುತ್ತಿಗೆ ಎತ್ತುವ ಹಾಗಿರಲಿಲ್ಲ. ಒಮ್ಮೆ ಕಮಲಾಪುರದ ಹತ್ತಿರ ಬಾಳೆಗೊನೆ ತುಂಬಿದ ಟ್ರ್ಯಾಕ್ಟರು ಬಾಗಿಲಿಗೆ ಗೀರು ಹಾಕಿತು. ಎರಡು ದಿನ ಅವನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಭರಮಮ್ಮ ನನ್ನ ಎದುರಿಗೇ ಅಂದಿದ್ದಳು: "ನಾ ಸತ್ತ ದಿನಾನರ ನನ್ನ ಮಕ ಒರಸ್ತೀರೋ, ಅವತ್ತೂ ಕಾರೇ ಒರಸ್ಕೋತ ಕುಂದರ್ತೀರೋ?"

"ನೀ ಮದ್ಲು ಸಾಯಿ, ಆಮ್ಯಾಲ ನೋಡೂಣಂತ" ಎಂದು ಅವನೂ ನಕ್ಕಿದ್ದ. ಮಕ್ಕಳಿಲ್ಲದ ಮನೆ. ಅವರಿಬ್ಬರ ಜಗಳವೇ ಆ ಮನೆಯ ಸದ್ದು.

ಹೋದ ಮಾಘದಲ್ಲಿ ಭರಮಮ್ಮನಿಗೆ ಉಸಿರು ಹತ್ತಿ ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ಸ್ಕ್ಯಾನಿಂಗಿಗೆ ಒಯ್ಯುವಾಗ ಮೈಮೇಲಿನದೆಲ್ಲ ತೆಗೆಯಿರಿ ಎಂದರು. ತಾಳಿ, ಬಳೆ ತೆಗೆದದ್ದಾಯಿತು. ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗಿದ್ದ ಇಷ್ಟಲಿಂಗ ಬಿಚ್ಚಲು ಅವಳು ಒಲ್ಲೆ ಎಂದು ಕೈ ಅಡ್ಡ ಹಿಡಿದಳು. ಗವಿಸಿದ್ದಪ್ಪನೇ ಸಮಾಧಾನ ಹೇಳಿದ: "ಒಂದ್ ತಾಸಿನ ಮಾತು. ಹೊರಗ ಬಂದ ಕೂಡ್ಲೆ ನಾನ ಕಟ್ತೀನಿ."

ಹೊರಗೆ ಬಂದವಳಿಗೆ ಮೂಗಿಗೆ, ಕೈಗೆ ನಳಿಕೆ ಹಾಕಿದರು. ಕೊರಳ ಹತ್ತಿರ ಯಾರೂ ಮುಟ್ಟಬೇಡಿ ಎಂದರು. ನಾಳೆ ಕಟ್ಟೋಣ ಎಂದು ಅವನು ಲಿಂಗವನ್ನು ಮಡಿ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟ. ಬೆಳಗಿನ ಜಾವಕ್ಕೆ ಅವಳು ಹೋಗಿಬಿಟ್ಟಳು.

ಹೆಣ ಆಂಬುಲೆನ್ಸಿನಲ್ಲಿ ಮುಂದೆ ಬಂತು. ನಾವು ಐದು ಮಂದಿ ಹೆಂಗಸರು ಗವಿಸಿದ್ದಪ್ಪನ ಕಾರು ಹತ್ತಿದೆವು. ಚೀಲ ನನ್ನ ಕೈಯಲ್ಲಿತ್ತು. "ಕಾಲಾಗ ಇಡಬ್ಯಾಡ ಅಕ್ಕ, ಅದರಾಗ ಲಿಂಗ ಐತಿ" ಎಂದು ಇಸಿದುಕೊಂಡ. ಸೀಟಿನ ಮೇಲಿಟ್ಟರೆ ಯಾರಾದರೂ ಒರಗಿಯಾರು, ಕೆಳಗಿಟ್ಟರೆ ಕಾಲು ತಾಗೀತು. ಹಿಂದೆ ಹೋಗಿ ಡಿಕ್ಕಿಯಲ್ಲಿಟ್ಟು ಮುಚ್ಚಿದ. ಅಷ್ಟು ದುಃಖದಲ್ಲೂ ಅವನಿಗೆ ಹೊಳೆದ ಮಡಿ ಅದು. ತೊಂದರೆಯಾದದ್ದೂ ಅದರಿಂದಲೇ.

ಮಧ್ಯಾಹ್ನಕ್ಕೆ ಮನೆ ಮುಟ್ಟಿದೆವು. ಭರಮಮ್ಮನಿಗೆ ಮೈ ತೊಳೆಸಿ, ಹಣೆ ತುಂಬ ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು. ತೋಟದಲ್ಲಿ ಕುಣಿ ತೋಡುತ್ತಿದ್ದರು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಎಡಗೈಯಲ್ಲಿ ಅವರವರ ಲಿಂಗ ಇಟ್ಟು ಕುಣಿಗೆ ಇಳಿಸಬೇಕು. ಹೊತ್ತು ಮುಳುಗುವುದರೊಳಗೆ ಮುಗಿಯಬೇಕೆಂದು ಮಠದ ಹಾಲಸ್ವಾಮಿ ಅಯ್ಯನವರು ಹೇಳಿದರು.

ಗವಿಸಿದ್ದಪ್ಪ ಚೀಲ ತರಲು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೊರಗೆ ಹೋಗಿ ನೋಡಿದರೆ ಡಿಕ್ಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

"ಅಕ್ಕಾ, ಕೀಲಿ ತಿರುಗವಲ್ದು."

ಆ ಬೀಗ ಮೊದಲಿಂದಲೂ ಬಿಗಿ. ಕೀಲಿಯನ್ನು ಅರ್ಧ ತಿರುವಿ, ಮುಚ್ಚಳಕ್ಕೆ ಮಂಡಿಯಿಂದ ಒಂದು ಒತ್ತು ಕೊಟ್ಟು, ಆಮೇಲೆ ಪೂರ್ತಿ ತಿರುವಬೇಕು. ಅದು ಅವನ ಕೈಗೆ ಮಾತ್ರ ಒಲಿದಿತ್ತು. ಆ ದಿನ ಆ ಕೈಗೂ ಒಲಿಯಲಿಲ್ಲ. ಎಣ್ಣೆ ಬಿಟ್ಟ, ಮಂಡಿ ಒತ್ತಿದ, ಜೋರಾಗಿ ತಿರುವಿದ. ಕೀಲಿ ಮುರಿದು ಅರ್ಧ ಒಳಗೇ ಉಳಿಯಿತು.

ಗಿರಣಿಯ ಹತ್ತಿರ ಗ್ಯಾರೇಜು ಇಟ್ಟಿರುವ ಮೌನೇಶನನ್ನು ಕರೆಸಿದರು. ಅವನು ಬಗ್ಗಿ ನೋಡಿ ತಲೆ ಕೊಡವಿದ. "ಎರಡು ವರ್ಷದಿಂದ ಬಡಕೊಂಡೆ ಅಣ್ಣ, ಈ ಬೀಗ ಬಿಚ್ಚಿ ತೊಳೀತೀನಿ ಬಿಡ್ರಿ ಅಂತ. ನಾ ಪಾನಾ ಹಿಡಕೊಂಡು ಬಂದ್ರ ನೀವು ಕಳ್ಳ ಬಂದಂಗ ಕಾರು ಒಳಗ ಹಾಕ್ತಿದ್ರಿ."

"ಆತು ಬೈಯಿ. ಬೈಕೋತ ತಗಿ" ಎಂದ ಗವಿಸಿದ್ದಪ್ಪ.

ಮೌನೇಶ ಹಿಂದಿನ ಸೀಟು ಕಿತ್ತು ಒಳಗಿನಿಂದ ಕೈ ಹಾಕಲು ನೋಡಿದ. ಅಲ್ಲಿ ದಪ್ಪ ತಗಡು ಅಡ್ಡ ಇತ್ತು. ಸಂಡೂರಿಗೆ ಓಡಾಡುವಾಗ ಗಣಿಯ ಕೆಂಧೂಳು ಡಿಕ್ಕಿಯಿಂದ ಒಳಗೆ ಬಾರದಿರಲೆಂದು ಗವಿಸಿದ್ದಪ್ಪನೇ ಸುತ್ತಲೂ ಬೆಸುಗೆ ಹಾಕಿಸಿದ್ದ.

ಬಿಸಿಲು ಎದುರು ಮನೆಯ ಮಾಳಿಗೆ ಏರಿತು. ಕುಣಿ ಆಯಿತೆಂದು ತೋಟದಿಂದ ಹೇಳಿ ಕಳಿಸಿದರು. ಅಯ್ಯನವರು ಹೊರಗೆ ಬಂದು ಮೆಲ್ಲಗೆ ಅಂದರು: "ಗವಿಸಿದ್ದಪ್ಪಾ, ಮಠದಾಗ ಬ್ಯಾರೆ ಲಿಂಗ ಐತಿ. ತರಿಸಿ, ಪೂಜಿ ಮಾಡಿ, ಕೈಯಾಗ ಇಡೂಣು. ಶಾಸ್ತ್ರಕ್ಕ ಏನೂ ಅಡ್ಡಿ ಇಲ್ಲ."

"ಶಾಸ್ತ್ರಕ್ಕ ಇರಲಿಕ್ಕಿಲ್ರಿ ಅಯ್ಯನೋರ, ನನಗ ಐತಿ. ಏಳು ವರ್ಷದಾಕಿ ಇದ್ದಾಗ ಕಟ್ಟಿದ್ದು. ಒಲ್ಲೆ ಅಂದ್ರೂ ನಾನ ಬಿಚ್ಚಿಸ್ದೆ. ಒಂದ್ ತಾಸು ಅಂದಿದ್ದೆ. ಅಕಿ ಬರೇ ಕೊರಳಿಲೆ ಹೋದ್ಲು. ಮಣ್ಣಾಗರ ಅಕಿದು ಅಕಿ ಕೈಯಾಗ ಇರಲಿ."

ಮೌನೇಶ ಹಾರೆಕೋಲಿನ ಕಡೆ ನೋಡಿದ, ಅದನ್ನು ಎತ್ತಿಕೊಳ್ಳಲಿಲ್ಲ. "ಮೀಟಿದ್ರ ಮುಚ್ಚಳ ಹೋಗೇ ಹೋಗ್ತೈತಿ ಅಣ್ಣ. ಇದರ ಮುಚ್ಚಳ ಈಗ ಎಲ್ಲೂ ಸಿಗಂಗಿಲ್ಲ."

ಗವಿಸಿದ್ದಪ್ಪ ತಾನೇ ಹಾರೆ ಎತ್ತಿಕೊಂಡ. ಮುಚ್ಚಳದ ಸಂದಿಗೆ ತುದಿ ಇಟ್ಟು ಮೈಭಾರ ಬಿಟ್ಟ. ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಎರಡನೇ ಸಲಕ್ಕೆ ತಗಡು ಕಿರುಗುಟ್ಟಿ ಸೊಟ್ಟಗಾಯಿತು. ಮೂರನೇ ಸಲಕ್ಕೆ ಏನೋ ಮುರಿದ ಸದ್ದು ಬಂದು ಮುಚ್ಚಳ ಹಾರಿತು. ಅವನು ಕಾರಿನ ಕಡೆ ನೋಡಲೇ ಇಲ್ಲ. ಕೈ ತೊಳೆದು ಬಂದು, ಎರಡೂ ಕೈಯಲ್ಲಿ ಚೀಲ ಎತ್ತಿಕೊಂಡು ಒಳಗೆ ನಡೆದ. ಹೆಂಡತಿಯ ಮುಂದೆ ಕೂತು, ಪಂಚೆಯ ಸೆರಗಿನಿಂದ ಅವಳ ಮುಖ ಒರೆಸಿದ. ಅವಳ ಹಳೆಯ ಮಾತು ನೆನಪಾಗಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೊತ್ತು ಮುಳುಗುವ ಮುಂಚೆ ಅವಳ ಲಿಂಗ ಅವಳ ಕೈಯಲ್ಲಿತ್ತು.

ಐದನೇ ದಿನ ಮೌನೇಶ ಬೀಗ ಬಿಚ್ಚಿ ತಂದ. ಜೊತೆಗೆ ಒಂದು ಕಾಗದದ ಪೊಟ್ಟಣ. ಅದರಲ್ಲಿ ಹುಣಸೆ ಬೀಜದಷ್ಟು ದೊಡ್ಡ ಗಟ್ಟಿ ಇತ್ತು. ಒಂದು ಪದರು ಬಿಳಿ, ಒಂದು ಪದರು ಕೆಂಪು, ನಡುವೆ ಎಣ್ಣೆ ಕುಡಿದ ಕೆಂಧೂಳು.

"ಕೀಲಿ ಹಾಕೂ ಕಿಂಡಿಯಾಗ ವಿಭೂತಿ, ಕುಂಕುಮ ಯಾರು ಮೆತ್ತಿದ್ರಿ? ಸಿಮೆಂಟ್ ಆಗೇತಿ ನೋಡ್ರಿ. ಮ್ಯಾಲಿನ ಪದರು ಭಾಳ ದಪ್ಪ, ಅದ ಕಚ್ಚಿಕೊಂಡಿದ್ದು."

ಗವಿಸಿದ್ದಪ್ಪ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕ. "ಮತ್ತ್ಯಾರು, ಅಕೀನ. ಆಯುಧ ಪೂಜಿ ದಿನ ಗಾಲಿಗೆ, ಬಾನೆಟ್ಟಿಗೆ ಹಚ್ಚಿ, ಕಾರಿನ ಬೆನ್ನಿಗೂ ಒಂದಿರಲಿ ಅಂತ ಆ ಕಿಂಡಿ ಮ್ಯಾಲ ಒತ್ತತಿದ್ಲು. ಹೋಗಾಕಿ ಹೋದ್ಲು, ನನ್ನ ಕೈಲೇನ ಕಾರು ಒಡಿಸಿ ಹೋದ್ಲು ನೋಡು!" ಎಂದು ಹೇಳುತ್ತಲೇ ಅತ್ತ. ಆ ಗಟ್ಟಿಯನ್ನು ಒಯ್ದು ದೇವರ ಜಗಲಿಯ ಮೇಲೆ, ಅವಳ ಫೋಟೋದ ಮುಂದೆ ಇಟ್ಟ.

ಕೆಳಗಿನ ಪದರುಗಳು ಭರಮಮ್ಮನವೇ, ಸುಳ್ಳಲ್ಲ. ಆದರೆ ಹಿಂದಿನ ಎರಡು ವರ್ಷ ಅವಳಿಗೆ ಕಾರಿನ ಸುತ್ತ ಬಗ್ಗಿ ಏಳಲು ಆಗುತ್ತಿರಲಿಲ್ಲ. ಹೊಸ್ತಿಲಲ್ಲಿ ಕೂತು "ಡಿಕ್ಕಿಗೂ ಹಚ್ಚು ಅಕ್ಕ, ಗಟ್ಟಿಯಾಗಿ ಹಚ್ಚು" ಎಂದು ಹೇಳುತ್ತಿದ್ದಳು, ಹಚ್ಚುತ್ತಿದ್ದವಳು ನಾನು. ಗವಿಸಿದ್ದಪ್ಪ ಎರಡೂ ಸಲ ಆಗ ಬೂದುಗುಂಬಳಕಾಯಿ ತರಲು ಹೋಗಿದ್ದ. ಹೇಳಬೇಕೆಂದು ಬಾಯಿ ತೆರೆದೆ. ಅವನು ಆ ಗಟ್ಟಿಗೆ ಕೈ ಮುಗಿಯುತ್ತಿದ್ದ. ಹೇಳಲಿಲ್ಲ.

ಈಗ ಅವನು ಡಿಕ್ಕಿಗೆ ಹಗ್ಗ ಕಟ್ಟಿಕೊಂಡೇ ಹಂಪಿಗೆ ಓಡಾಡುತ್ತಾನೆ. ಮೌನೇಶ ಹಳೆಯದೊಂದು ಮುಚ್ಚಳ ಹುಡುಕಿಕೊಡುತ್ತೇನೆಂದರೂ ಒಲ್ಲೆ ಎಂದನಂತೆ. ಈ ಸಲದ ಆಯುಧ ಪೂಜೆಗೆ ನಾನೇ ವಿಭೂತಿ ಕಲಸಿದೆ. ಗಾಲಿಗೆ ಹಚ್ಚಿ, ಬಾನೆಟ್ಟಿಗೆ ಹಚ್ಚಿ, ರೂಢಿಯಂತೆ ಹಿಂದಕ್ಕೆ ಹೋದೆ.

"ಅಲ್ಲಿ ಬ್ಯಾಡ ಅಕ್ಕ" ಎಂದ ಗವಿಸಿದ್ದಪ್ಪ. "ಅಲ್ಲಿ ಅಕಿ ಹಚ್ಚಿದ್ದ ಸಾಕು."

ಬಟ್ಟಲು ಹಿಡಿದುಕೊಂಡು ಹೊಸ್ತಿಲ ಕಡೆ ತಿರುಗಿದೆ. ಬೆರಳಲ್ಲಿದ್ದ ವಿಭೂತಿ ಅಷ್ಟರಲ್ಲೇ ಒಣಗತೊಡಗಿತ್ತು.